ಹವಳಕ್ಕೂ ಹಸಿವಾಗುತ್ತದೆ

ಡ್ಯಾಂಡಿನಾಂಗ್ ಸುತ್ತಮುತ್ತಲಿನ ನಮ್ಮವರ ಮನೆಗಳಲ್ಲಿ ಮೀನಿನ ತೊಟ್ಟಿ ಅಪರೂಪವೇನಲ್ಲ. ಮೊದಲು ಮಕ್ಕಳ ಹಟಕ್ಕೆ ಎರಡು ಗೋಲ್ಡ್‌ಫಿಶ್ ಬರುತ್ತವೆ, ಆಮೇಲೆ ಬಣ್ಣಬಣ್ಣದ ಸಣ್ಣ ಮೀನುಗಳು, ಕೊನೆಗೆ ಅಪ್ಪಂದಿರ ಹಟಕ್ಕೆ ಉಪ್ಪುನೀರಿನ ತೊಟ್ಟಿ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಸುಮಾರು 200 ಲೀಟರ್ ನೀರು, ಎರಡು ಕ್ಲೌನ್ ಮೀನು, ಒಂದಿಷ್ಟು ಜೀವಂತ ಹವಳ. ಕನ್ನಡ ತರಗತಿಯ ಮಕ್ಕಳು ಮನೆಗೆ ಬಂದರೆ ನಮ್ಮನ್ನು ಮಾತಾಡಿಸುವ ಮೊದಲೇ ಅದರ ಮುಂದೆ ಹೋಗಿ ಕೂರುತ್ತಾರೆ.

ಹೋದ ಚಳಿಗಾಲದಲ್ಲಿ ಅವರಲ್ಲೊಬ್ಬಳು ಕೇಳಿದಳು: "ಟೀಚರ್, ನಿಮ್ಮ ಹವಳ ಯಾಕೆ ಬಿಳುಚಿಕೊಂಡಿದೆ? ಜ್ವರ ಬಂದಿದೆಯಾ?"

ದಿನವೂ ನೋಡುವ ನಮ್ಮ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಕಂದು, ಹಸಿರು, ನಸುಗೆಂಪು ಎಲ್ಲ ಮಾಸಿ, ನೀರಲ್ಲಿ ಅದ್ದಿ ತೆಗೆದ ಸುಣ್ಣದ ಕಡ್ಡಿಯಂತೆ ಕಾಣುತ್ತಿತ್ತು. ನೀರನ್ನು ಪರೀಕ್ಷಿಸಿದೆವು. ಉಪ್ಪು ಸರಿ, ಶಾಖ 25 ಡಿಗ್ರಿ ಸೆಲ್ಸಿಯಸ್, ನೈಟ್ರೇಟ್ 8 ಪಿಪಿಎಂ, ಫಾಸ್ಫೇಟ್ 0.00. ಸೊನ್ನೆ ಕಂಡಾಗ ನಮಗೆ ಸಂತೋಷವೇ ಆಗಿತ್ತು. ಫಾಸ್ಫೇಟ್ ಎಂದರೆ ಕೊಳೆ, ಅದು ಹೆಚ್ಚಾದರೆ ಪಾಚಿ ಕಟ್ಟುತ್ತದೆ ಎಂದು ಎಲ್ಲರೂ ಹೇಳಿದ್ದರು. ಪಾತ್ರೆ ಫಳಫಳ ತೊಳೆದಿಟ್ಟ ಹಾಗೆ ನೀರೂ ಇರಬೇಕೆಂದುಕೊಂಡಿದ್ದೆವು. ಕಾಯಿಲೆ ಇದ್ದದ್ದು ಆ ಸೊನ್ನೆಯಲ್ಲೇ.

ಫಾಸ್ಫೇಟ್ ಎಂದರೆ ರಂಜಕ ಮತ್ತು ಆಮ್ಲಜನಕ ಕೂಡಿದ ಲವಣ. ಊರಿನಲ್ಲಿ ಗೊಬ್ಬರದ ಚೀಲ ನೋಡಿದವರಿಗೆ ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಮೂರು ಹೆಸರು ಗೊತ್ತೇ ಇರುತ್ತದೆ. ಜೀವಕೋಶದ ಹೊರಪೊರೆಗೆ, ಅದರೊಳಗಿನ ಡಿಎನ್‌ಎಗೆ, ಶಕ್ತಿಯನ್ನು ಸಾಗಿಸುವ ಎಟಿಪಿ ಎಂಬ ಅಣುವಿಗೆ, ಎಲ್ಲಕ್ಕೂ ರಂಜಕ ಬೇಕು. ಅದಿಲ್ಲದೆ ಬದುಕುವ ಜೀವಿ ಒಂದೂ ಇಲ್ಲ.

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಪ್ರಾಣಿ. ತನ್ನ ಕೆಳಗೆ ತಾನೇ ಸುಣ್ಣದ ಗೂಡು ಕಟ್ಟಿಕೊಳ್ಳುವ, ಬಾಯಿ ಮತ್ತು ಬೆರಳಿನಂಥ ಚಾಚುಗಳಿರುವ ಪುಟ್ಟ ಪ್ರಾಣಿಗಳ ಒಕ್ಕಲು. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕಂದು ಪಾಚಿಗಳು ಬಾಡಿಗೆಗೆ ಇರುತ್ತವೆ. ಅವು ಬೆಳಕಿನಲ್ಲಿ ಸಕ್ಕರೆ ತಯಾರಿಸಿ ಹವಳಕ್ಕೆ ಕೊಡುತ್ತವೆ, ಹವಳ ತನ್ನ ತ್ಯಾಜ್ಯವನ್ನು ಅವಕ್ಕೆ ಗೊಬ್ಬರವಾಗಿ ಕೊಡುತ್ತದೆ. ನಾವು ನೋಡುವ ಕಂದು ಬಣ್ಣ ಈ ಬಾಡಿಗೆದಾರರದ್ದು. (ಅಮ್ಮಂದಿರ ಪೆಟ್ಟಿಗೆಯಲ್ಲಿರುವ ಕೆಂಪು ಹವಳದ ಸರ ಬೇರೆ ಜಾತಿಯದು. ಅದರ ಮೈಯಲ್ಲಿ ಪಾಚಿ ಇರುವುದಿಲ್ಲ, ಆ ಕೆಂಪು ಅದರ ಎಲುಬಿನದೇ ಬಣ್ಣ.)

ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡನ್‌ಮನ್ ಮತ್ತು ಸಂಗಡಿಗರು 2013ರಲ್ಲಿ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ನೈಟ್ರೇಟ್ ಹೇರಳವಾಗಿದ್ದು ಫಾಸ್ಫೇಟ್ ಮಾತ್ರ ಸಾಲದೆ ಹೋದರೆ ಹವಳ ಸುಲಭವಾಗಿ ಬಿಳುಚುತ್ತದೆ ಎಂಬುದೇ ಅದು. ಸಾರಜನಕ ಸಿಕ್ಕಿದ್ದರಿಂದ ಪಾಚಿಗಳು ಬೆಳೆಯಲು ಹೊರಡುತ್ತವೆ, ಆದರೆ ಪೊರೆ ಕಟ್ಟಲು ರಂಜಕವಿಲ್ಲ. ಆಗ ರಂಜಕದ ಜಿಡ್ಡಿನ ಬದಲು ಗಂಧಕದ ಜಿಡ್ಡು ಹಾಕಿ ಹೇಗೋ ಪೊರೆ ಕಟ್ಟುತ್ತವೆ. ಅಂಥ ಪಾಚಿಗಳಿಗೆ ಬೆಳಕು, ಶಾಖ ಸ್ವಲ್ಪ ಹೆಚ್ಚಾದರೂ ತಡೆಯದು. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2016, 2017, 2020, 2022 ಮತ್ತು 2024ರಲ್ಲಿ ಆದ ದೊಡ್ಡ ಬಿಳುಚುವಿಕೆಗಳಿಗೆ ಮುಖ್ಯ ಕಾರಣ ಸಮುದ್ರದ ಕಾವು. ನಮ್ಮ ತೊಟ್ಟಿಯಲ್ಲಿ ಕಾವು ಏರಿರಲಿಲ್ಲ, ಅಲ್ಲಿದ್ದದ್ದು ಹಸಿವು.

"ಸಮುದ್ರದ ನೀರಿನಲ್ಲೂ ಫಾಸ್ಫೇಟ್ ಬಹಳ ಕಡಿಮೆಯೇ ಇರುತ್ತದಲ್ಲ?" ಎಂದು ತರಗತಿಯ ಒಬ್ಬ ಹುಡುಗನ ತಂದೆ ಕೇಳಿದರು. ಸರಿಯಾದ ಪ್ರಶ್ನೆ. ಹವಳದಿಬ್ಬದ ನೀರನ್ನು ಅಳೆದರೆ ಸಿಗುವುದು ಅತ್ಯಲ್ಪ. ಆದರೆ ಅಲ್ಲಿ ನೀರು ನಿಂತಿರುವುದಿಲ್ಲ. ಅಲೆ ಬಂದಾಗಲೆಲ್ಲ ಸೂಕ್ಷ್ಮ ಜೀವಿಗಳನ್ನು ಹೊತ್ತು ತರುತ್ತದೆ, ಸಾವಿರಾರು ಮೀನುಗಳು ಹವಳದ ನಡುವೆಯೇ ಉಂಡು ವಿಸರ್ಜಿಸುತ್ತವೆ. ಬಡಿಸುವವರು ಪಂಕ್ತಿಯಲ್ಲಿ ಓಡಾಡುತ್ತಲೇ ಇದ್ದರೆ ಎಲೆಯ ಮೇಲೆ ರಾಶಿ ಬೇಕಿಲ್ಲ. ನಮ್ಮ ತೊಟ್ಟಿಯಲ್ಲಿ ಬಡಿಸುವುದು ದಿನಕ್ಕೆ ಒಂದೇ ಸಲ, ಎರಡು ಚಿಟಿಕೆ.

ಹಾಗಾದರೆ ನಮ್ಮ ಫಾಸ್ಫೇಟ್ ಎಲ್ಲಿ ಹೋಗುತ್ತಿತ್ತು? ಇದನ್ನು ಕಂಡುಹಿಡಿದದ್ದು ಸಾಗರದಿಂದ ಬಂದಿದ್ದ ನಮ್ಮ ಅಮ್ಮ. ಫಿಲ್ಟರಿನಲ್ಲಿ ನಾವು ತುಂಬಿಸಿದ್ದ ತುಕ್ಕಿನ ಬಣ್ಣದ ಕಾಳುಗಳನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿ, "ಇದು ನಮ್ಮ ತೋಟದ ಜಂಬಿಟ್ಟಿಗೆ ಪುಡಿ ಇದ್ದ ಹಾಗೇ ಇದೆಯಲ್ಲ. ಆ ಮಣ್ಣಿಗೆ ಎಷ್ಟು ರಂಜಕ ಹಾಕಿದರೂ ಅಡಿಕೆ ಮರಕ್ಕೆ ಸಿಗೋದು ಅಷ್ಟರಲ್ಲೇ, ಮಣ್ಣೇ ನುಂಗಿಬಿಡುತ್ತೆ" ಅಂದರು. ಅಕ್ಷರಶಃ ನಿಜ. ಮಲೆನಾಡಿನ ಹುಳಿ ಕೆಂಪು ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಂಡು ಬಿಡುವುದಿಲ್ಲ. ನಮ್ಮ ಫಿಲ್ಟರಿನ ಕಾಳು ಕೂಡ ಕಬ್ಬಿಣದ ಆಕ್ಸೈಡೇ, ಮಾಡುವ ಕೆಲಸವೂ ಅದೇ. ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಎರಡು ಪಟ್ಟು ಹಾಕಿದ್ದವರು ನಾವು.

ಅದೊಂದೇ ಕಾರಣವಲ್ಲ. ಹೊಸ ಒಣ ಬಂಡೆ ಮತ್ತು ಸುಣ್ಣದ ಮರಳು ಕೂಡ ತಿಂಗಳುಗಟ್ಟಲೆ ಫಾಸ್ಫೇಟ್ ಹೀರುತ್ತವೆ. ನೊರೆ ಎತ್ತುವ ಸ್ಕಿಮ್ಮರ್ ಹಗಲು ರಾತ್ರಿ ಓಡುತ್ತಿತ್ತು. ಮೀನು ಎರಡೇ. ಸಾಲದ್ದಕ್ಕೆ, ಹೆಪ್ಪುಗಟ್ಟಿಸಿದ ಸೀಗಡಿಯನ್ನು ಅಕ್ಕಿ ತೊಳೆದ ಹಾಗೆ ಮೂರು ಸಲ ತೊಳೆದು ಹಾಕುತ್ತಿದ್ದೆವು. ಸಸ್ಯಾಹಾರಿಗಳ ಮನೆ, ಫ್ರೀಜರಿನಲ್ಲಿ ಅದಕ್ಕೊಂದು ಬೇರೆ ಡಬ್ಬಿ, ಅದರ ಮೇಲೆ ಇನ್ನೊಂದು ಡಬ್ಬಿ. ತೊಳೆದು ಚೆಲ್ಲಿದ ನೀರಿನಲ್ಲೇ ಒಂದಷ್ಟು ಫಾಸ್ಫೇಟ್ ಹೋಗುತ್ತಿತ್ತು.

ಸರಿಪಡಿಸುವಾಗ ಮೊದಲು ಮಾಡಬೇಕಾದದ್ದು ತೆಗೆಯುವುದನ್ನು ನಿಲ್ಲಿಸುವುದು, ಹಾಕುವುದು ಆಮೇಲೆ. ಕಬ್ಬಿಣದ ಕಾಳನ್ನು ಹೊರಗೆ ತೆಗೆದೆವು. ಸ್ಕಿಮ್ಮರ್ ರಾತ್ರಿ ಮಾತ್ರ ಓಡಿಸಿದೆವು. ಊಟ ದಿನಕ್ಕೆ ಎರಡು ಸಲವಾಯಿತು, ಸೀಗಡಿ ತೊಳೆಯುವುದು ನಿಂತಿತು. ಬಿಳುಚಿದ ಹವಳಕ್ಕೆ ಬೆಳಕೂ ಭಾರವಾದ್ದರಿಂದ ದೀಪದ ಪ್ರಖರತೆಯನ್ನು ತಗ್ಗಿಸಿದೆವು. ಅನೇಕ ತೊಟ್ಟಿಗಳಿಗೆ ಇಷ್ಟೇ ಸಾಕಾಗುತ್ತದೆ.

ನಮಗೆ ಸಾಕಾಗಲಿಲ್ಲ. ಎರಡು ವಾರವಾದರೂ ಸೊನ್ನೆಯೇ. ಅಷ್ಟರಲ್ಲಿ ಮರಳಿನ ಮೇಲೆ ಕಂದು ಲೋಳೆ ಕಾಣಿಸಿಕೊಂಡಿತು. ನೂಲು ನೂಲಾಗಿ, ತುದಿಯಲ್ಲಿ ಗಾಳಿಗುಳ್ಳೆ, ಬೆಳಗ್ಗೆ ಕಡಿಮೆ, ಸಂಜೆಗೆ ದಟ್ಟ. ಇವು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳು. ಹವಳದೊಳಗಿನ ಬಾಡಿಗೆದಾರರ ದಾಯಾದಿಗಳೇ. ನೈಟ್ರೇಟ್, ಫಾಸ್ಫೇಟ್ ತಳ ಕಂಡಾಗ ಉಳಿದ ಪಾಚಿಗಳು ಸೊರಗುತ್ತವೆ, ಆ ಖಾಲಿ ಜಾಗಕ್ಕೆ ಇವು ಬರುತ್ತವೆ. ಕೆಲವು ಜಾತಿಗಳು ವಿಷವುಳ್ಳವು, ತಿಂದ ಬಸವನಹುಳು ಸಾಯುತ್ತದೆ. ಲೋಳೆ ಕಂಡರೆ ಮಕ್ಕಳು ಕೈ ಹಾಕಬಾರದು. ನೀರು ಹೊಲಸಾಗಿದೆ ಎಂದು ಇನ್ನಷ್ಟು ತೊಳೆಯಲು ಹೊರಟರೆ ಅದು ಇನ್ನಷ್ಟು ಹೆಚ್ಚುತ್ತದೆ.

ಆಗ ಫಾಸ್ಫೇಟನ್ನೇ ಅಳೆದು ಹಾಕಲು ನಿಶ್ಚಯಿಸಿದೆವು. ಲೆಕ್ಕ ಏಳನೇ ತರಗತಿಯವರಿಗೂ ಬರುವಂಥದ್ದು. ಒಂದು ಪಿಪಿಎಂ ಎಂದರೆ ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ. 200 ಲೀಟರಿನಲ್ಲಿ 0.02 ಏರಿಸಲು 4 ಮಿಲಿಗ್ರಾಂ ಫಾಸ್ಫೇಟ್ ಸಾಕು, ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ನೀರಿನಂಶವಿಲ್ಲದ ಶುದ್ಧ ಮೊನೊಸೋಡಿಯಂ ಫಾಸ್ಫೇಟ್ 1 ಗ್ರಾಂ ತೂಗಿ, ಶುದ್ಧೀಕರಿಸಿದ ನೀರು ಸೇರಿಸಿ 1 ಲೀಟರ್ ದ್ರಾವಣ ಮಾಡಿದರೆ, ಅದರ ಪ್ರತಿ ಮಿಲಿಲೀಟರಿನಲ್ಲಿ ಸುಮಾರು 0.8 ಮಿಲಿಗ್ರಾಂ ಫಾಸ್ಫೇಟ್ ಇರುತ್ತದೆ. ಅಂದರೆ ದಿನಕ್ಕೆ 5 ಮಿಲಿಲೀಟರ್. ಇದು ದೊಡ್ಡವರ ಕೆಲಸ, ಸೀಸೆಯ ಮೇಲೆ ಚೀಟಿ ಅಂಟಿಸಿ ಎತ್ತರದಲ್ಲಿಡಬೇಕು. ತೋಟದ ಸೂಪರ್‌ಫಾಸ್ಫೇಟ್ ಆಗಲಿ, ಗೋಡೆ ತೊಳೆಯುವ ಪುಡಿಯಾಗಲಿ ಖಂಡಿತ ಬೇಡ. ತೂಕದ ಗೊಡವೆ ಬೇಡವೆಂದರೆ ಅಂಗಡಿಯಲ್ಲಿ ಸಿದ್ಧ ದ್ರಾವಣವೇ ಸಿಗುತ್ತದೆ.

ಮೊದಲ ಒಂದು ವಾರ ಹಾಕಿದ್ದೆಲ್ಲ ಮಾಯ. ಸಂಜೆ 0.02, ಮರುದಿನ ಮತ್ತೆ 0.00. ಬಂಡೆ ಹೀರುತ್ತಿತ್ತು. ಇಲ್ಲಿ ಆತುರಪಟ್ಟು ಒಮ್ಮೆಗೇ ಸುರಿದರೆ ಕೆಟ್ಟಿತು, ಹಸಿದವನಿಗೆ ಗಂಜಿ ಬಿಟ್ಟು ಹಬ್ಬದೂಟ ಬಡಿಸಿದ ಹಾಗೆ. ನಾವಿಟ್ಟುಕೊಂಡ ಗುರಿ 0.05. ಹವ್ಯಾಸಿಗಳಲ್ಲಿ ಬಹಳ ಮಂದಿ 0.03ರಿಂದ 0.1ರೊಳಗೆ ಇಡುತ್ತಾರೆ. ಅತಿಯಾದರೂ ಕಷ್ಟವೇ. ಗ್ರೇಟ್ ಬ್ಯಾರಿಯರ್ ರೀಫ್‌ನ ಒನ್ ಟ್ರೀ ದ್ವೀಪದಲ್ಲಿ 1990ರ ದಶಕದಲ್ಲಿ ನಡೆದ ಎನ್‌ಕೋರ್ ಪ್ರಯೋಗದಲ್ಲಿ, ಹೆಚ್ಚು ರಂಜಕ ಉಂಡ ಹವಳ ಉದ್ದಕ್ಕೆ ಬೇಗ ಬೆಳೆಯಿತಾದರೂ ಅದರ ಎಲುಬು ಟೊಳ್ಳಾಯಿತು.

ಅಳತೆಯ ಬಗ್ಗೆ ಒಂದು ಮಾತು. ಮನೆಯಲ್ಲಿ ಬಳಸುವ ಪರೀಕ್ಷಕಗಳು 0.02ರಿಂದ 0.04ರಷ್ಟು ಅತ್ತಿತ್ತ ತೋರಿಸಬಲ್ಲವು. ಒಂದೇ ಸಲದ ಸೊನ್ನೆಯನ್ನು ನಂಬಬೇಡಿ, ಎರಡು ಮೂರು ದಿನ ನೋಡಿ. ಕೆಲವು ಯಂತ್ರಗಳು ಫಾಸ್ಫೇಟ್ ತೋರಿಸದೆ ರಂಜಕವನ್ನು ಪಿಪಿಬಿಯಲ್ಲಿ ತೋರಿಸುತ್ತವೆ. ಅದನ್ನು 3.07ರಿಂದ ಗುಣಿಸಿ 1000ದಿಂದ ಭಾಗಿಸಬೇಕು. 10 ಎಂದು ಬಂದರೆ ಫಾಸ್ಫೇಟ್ 0.03.

ಸೀಫೋರ್ಡ್ ಕಡಲತೀರದಿಂದ ನಾಲ್ಕು ಕ್ಯಾನ್ ನೀರು ತಂದರಾಗದೇ ಎಂದು ಕೇಳಿದವರೂ ಇದ್ದಾರೆ. ಪೋರ್ಟ್ ಫಿಲಿಪ್ ಕೊಲ್ಲಿಯನ್ನು ಸಿಎಸ್‌ಐಆರ್‌ಒ ವಿಜ್ಞಾನಿಗಳು 1992ರಿಂದ 1996ರವರೆಗೆ ಅಧ್ಯಯನ ಮಾಡಿದಾಗ, ಅಲ್ಲಿ ಪಾಚಿಯ ಬೆಳವಣಿಗೆಗೆ ಕೊರತೆಯಾಗುವುದು ಸಾರಜನಕವೇ ಹೊರತು ರಂಜಕವಲ್ಲ ಎಂದು ತಿಳಿಯಿತು. ಫಾಸ್ಫೇಟೇನೋ ಸಿಗುತ್ತದೆ. ಆದರೆ ನಮ್ಮ ಡ್ಯಾಂಡಿನಾಂಗ್ ತೊರೆಯ ನೀರು ಪ್ಯಾಟರ್ಸನ್ ನದಿಯ ಮೂಲಕ ಕ್ಯಾರಮ್ ಬಳಿ ಅದೇ ಕೊಲ್ಲಿಗೆ ಸೇರುತ್ತದೆ, ಮಳೆ ಬಂದರೆ ರಸ್ತೆ ತೊಳೆದ ನೀರೂ ಜೊತೆಗೆ. ನಾವಂತೂ ತರುವುದಿಲ್ಲ.

ಆರನೇ ವಾರದ ಹೊತ್ತಿಗೆ ಲೋಳೆ ತೆಳುವಾಯಿತು. ಎರಡು ಹವಳಗಳ ಬುಡದಲ್ಲಿ ಮೊದಲು ಕಂದು ಮೂಡಿತು, ನಿಧಾನವಾಗಿ ಮೇಲೇರಿತು. ಕವಲುಕೊಂಬಿನ ಒಂದು ಹವಳ ಮಾತ್ರ ಉಳಿಯಲಿಲ್ಲ, ಬುಡದಿಂದ ಮಾಂಸ ಕಳಚುತ್ತಾ ಬಂದು ನಾಲ್ಕು ದಿನದಲ್ಲಿ ಬರೀ ಬಿಳಿ ಎಲುಬಾಯಿತು. ಕ್ವೀನ್ಸ್‌ಲ್ಯಾಂಡಿನ ಸಮುದ್ರದಿಂದ ಪರವಾನಗಿ ಪಡೆದವರು ಎತ್ತಿ ತಂದ ಜೀವ ಅದು. ಮಕ್ಕಳು ಕೇಳಿದಾಗ, ನಾವೇ ಹಸಿವಿನಿಂದ ಕೊಂದೆವು ಎಂದೇ ಹೇಳಿದೆವು.

ಜ್ವರ ಬಂದಿದೆಯಾ ಎಂದು ಕೇಳಿದ್ದ ಹುಡುಗಿಗೆ ಈಗ ಒಂದು ಕೆಲಸ ಕೊಟ್ಟಿದ್ದೇವೆ. ಶನಿವಾರ ತರಗತಿ ಮುಗಿಸಿ ಅಮ್ಮನ ಜೊತೆ ನಮ್ಮ ಮನೆಗೆ ಬಂದಾಗ ಪರೀಕ್ಷೆಯ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ, ಕನ್ನಡ ಅಂಕಿಗಳಲ್ಲೇ. ಹೋದ ವಾರ ಬರೆದದ್ದು ೦.೦೪.