ಮೋಹನದಿಂದ ತಿಜಿತಾಗೆ ಎರಡು ಸ್ವರ

ಸಂಜಯನಗರದ ಅಡ್ಡರಸ್ತೆಗಳಲ್ಲಿ ಸಂಜೆ ನಡೆದು ಹೋದರೆ ಯಾವುದಾದರೂ ಮಹಡಿಯಿಂದ ಮಕ್ಕಳ ಸಂಗೀತ ಪಾಠ ಕಿವಿಗೆ ಬೀಳುತ್ತದೆ. ಪಿಳ್ಳಾರಿ ಗೀತೆಗಳನ್ನು ದಾಟಿದವರು ಮೋಹನದ ‘ವರವೀಣಾ’ಕ್ಕೆ ಬಂದಿರುತ್ತಾರೆ. ಸ ರಿ ಗ ಪ ದ, ಐದೇ ಸ್ವರ. ಬಳ್ಳಾರಿ ರಸ್ತೆಯ ಆಚೆ ಬದಿ, ಆರ್.ಟಿ. ನಗರದಲ್ಲಿ, 1987ರಲ್ಲಿ ಆರಂಭವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಅಲ್ಲಿ ಪಿಯಾನೊ, ಪಿಟೀಲು, ಪಾಶ್ಚಾತ್ಯ ಸ್ವರಲಿಪಿ. ಈ ಎರಡು ಪಾಠಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಜಗಳ ಎಲ್ಲಿ ಹುಟ್ಟುತ್ತದೆ ಎಂದು ಚೆನ್ನಾಗಿ ಅರಿತಿದ್ದವರು ಇಥಿಯೋಪಿಯಾದ ಸಂಗೀತಗಾರ ಮುಲಾತು ಅಸ್ತಾತ್ಕೆ.

1943ರಲ್ಲಿ ಜಿಮ್ಮಾದಲ್ಲಿ ಹುಟ್ಟಿದ ಮುಲಾತು ಎಂಜಿನಿಯರ್ ಆಗಲಿ ಎಂದು ಮನೆಯವರು ಬ್ರಿಟನ್ನಿಗೆ ಕಳಿಸಿದರು. (ಈ ಕಥೆ ನಮ್ಮೂರಿಗೆ ಹೊಸದಲ್ಲ.) ಹುಡುಗ ಸಂಗೀತದ ಕಡೆ ತಿರುಗಿ, ಲಂಡನ್ನಿನಿಂದ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆ ಸೇರಿದ. ಆಮೇಲೆ ನ್ಯೂಯಾರ್ಕ್. 1966ರಲ್ಲಿ ‘ಆಫ್ರೋ-ಲ್ಯಾಟಿನ್ ಸೋಲ್’ ಎಂಬ ಎರಡು ರೆಕಾರ್ಡ್ ಬಂದವು. ಕಾಂಗಾ ಡೋಲು, ಕ್ಯೂಬಾ-ಪೋರ್ಟೊರಿಕೊ ಕಡೆಯ ಲಯ, ಮೇಲೆ ವೈಬ್ರಾಫೋನಿನಲ್ಲಿ ಇಥಿಯೋಪಿಯಾದ ರಾಗ. ಲ್ಯಾಟಿನ್ ಲಯದ ಬೇರು ಆಫ್ರಿಕದಲ್ಲೇ ಇದೆ, ಹಾಗಾಗಿ ತಾನು ತಂದದ್ದು ಪರಕೀಯವಲ್ಲ ಎಂಬುದು ಅವರ ವಾದ.

ಇಥಿಯೋಪಿಯಾದ ಹಾಡುಗಾರಿಕೆ ನಿಂತಿರುವುದು ನಾಲ್ಕು ಮುಖ್ಯ ಸ್ವರಶ್ರೇಣಿಗಳ ಮೇಲೆ: ತಿಜಿತಾ, ಬಾತಿ, ಅಂಬಾಸೆಲ್, ಅಂಚಿಹೊಯೆ. ನಾಲ್ಕೂ ಐದು ಸ್ವರದವು. ಮನೆಯಲ್ಲಿ ಕೀಬೋರ್ಡ್ ಇದ್ದರೆ ಮೋಹನವನ್ನು ಗಮಕವಿಲ್ಲದೆ ನುಡಿಸಿ. ಅದೇ ತಿಜಿತಾದ ಒಂದು ರೂಪ. ಈಗ ಗಾಂಧಾರ, ಧೈವತ ಎರಡನ್ನೂ ಒಂದೊಂದು ಮನೆ ಕೆಳಗಿಳಿಸಿ. ಬೆಳಕು ಆರಿದಂತಾಗುತ್ತದೆ, ಅದು ತಿಜಿತಾದ ಇನ್ನೊಂದು ರೂಪ, ಅಗಲಿಕೆಯ ಹಾಡುಗಳದ್ದು. ಬಾತಿಯ ಒಂದು ಬಗೆಯಲ್ಲಿ ಶುದ್ಧ ಧನ್ಯಾಸಿಯ ಸ್ವರಗಳೇ ಇವೆ. ಅಂಬಾಸೆಲ್ ಕೇಳಿದರೆ ಹಿಂದುಸ್ತಾನಿಯವರಿಗೆ ಗುಣಕ್ರಿ ನೆನಪಾದೀತು. ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಅಲ್ಲ, ನಿಜ. ಆದರೆ ನಮ್ಮ ಕಿವಿಗೆ ಈ ಸಂಗೀತ ಅಷ್ಟು ಬೇಗ ಒಗ್ಗುವುದಕ್ಕೆ ಕಾರಣ ಇಲ್ಲೇ ಇದೆ.

ಜಗಳ ಹುಟ್ಟುವುದು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ, ಬಂದಾಗ. ಪಾಶ್ಚಾತ್ಯ ಹಾಡು ಮನೆಗೆ ಮರಳುವುದು ಪಂಚಮದ ಮೇಲೆ ಕಟ್ಟಿದ ಕಾರ್ಡಿನಿಂದ. ಅದಕ್ಕೆ ನಿಷಾದ ಬೇಕು. ಮೋಹನದಲ್ಲಿ ನಿಷಾದವೇ ಇಲ್ಲ. ಪಿಯಾನೊದವನು ತನ್ನ ಪಾಡಿಗೆ ತಾನು ಸರಿಯಾಗಿಯೇ ನುಡಿಸಿ ರಾಗವನ್ನು ಕೆಡಿಸಿಬಿಡಬಲ್ಲ. 1972ರ ‘ಮುಲಾತು ಆಫ್ ಇಥಿಯೋಪಿಯಾ’ ಕೇಳಿದರೆ ಮುಲಾತು ಹೂಡಿದ ಉಪಾಯ ಗೊತ್ತಾಗುತ್ತದೆ. ಕೆಳಗೆ ಬೇಸ್ ಒಂದೇ ಸಾಲನ್ನು ಸುತ್ತಿ ಸುತ್ತಿ ನುಡಿಸುತ್ತದೆ, ಕಾರ್ಡ್‌ಗಳು ಹೆಚ್ಚು ಅಲೆದಾಡುವುದಿಲ್ಲ, ಸ್ಯಾಕ್ಸೊಫೋನ್ ತನ್ನ ಐದು ಸ್ವರದ ಹಾದಿ ಬಿಡುವುದಿಲ್ಲ. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸ್ಸಿ ಪದಚ್ಯುತರಾಗಿ ಸೇನೆಯ ಆಡಳಿತ ಬಂತು. ಕರ್ಫ್ಯೂ ಬಿದ್ದ ಅಡಿಸ್ ಅಬಾಬಾದಲ್ಲಿ ರಾತ್ರಿಯ ಸಂಗೀತ ಸೊರಗಿತು. 1998ರಲ್ಲಿ ಫ್ರಾನ್ಸಿನಿಂದ ಬಂದ ‘ಇಥಿಯೋಪಿಕ್ಸ್’ ಸರಣಿಯ ನಾಲ್ಕನೇ ಸಂಪುಟ, ಅವರ ಸಂಗೀತ ಬಳಸಿಕೊಂಡ 2005ರ ‘ಬ್ರೋಕನ್ ಫ್ಲವರ್ಸ್’ ಸಿನಿಮಾ ಮುಲಾತು ಹೆಸರನ್ನು ಮತ್ತೆ ಜಗತ್ತಿಗೆ ಮುಟ್ಟಿಸಿದವು.

ಬೆಂಗಳೂರಿಗೂ ಕಾರ್ಡಿನ ಇದೇ ತೊಡಕು ಎದುರಾಗಿತ್ತು, ಹುಡುಕಿಕೊಂಡ ದಾರಿ ಬೇರೆ. 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ತಂಡ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗೆ ‘ಜ್ಯೋತಿ’ ರೆಕಾರ್ಡ್ ಮಾಡಿತು. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ, ಜೊತೆಗೆ ಘಟ, ಖಂಜೀರ, ಕೊನ್ನಕ್ಕೋಲು. ಸ್ಯಾಕ್ಸೊಫೋನ್ ಮತ್ತು ಕೊಳಲು ಹಿಡಿದವರು ಚಾರ್ಲಿ ಮರಿಯಾನೊ. ಬಾಸ್ಟನ್ನಿನವರು, ಅದೇ ಬರ್ಕ್ಲಿಯಲ್ಲಿ ಪಾಠ ಹೇಳಿದವರು, ನಾಗಸ್ವರಕ್ಕೆ ಮನಸೋತು ದಕ್ಷಿಣ ಭಾರತಕ್ಕೆ ಬಂದವರು. ಆ ರೆಕಾರ್ಡಿನಲ್ಲಿ ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಕಾರ್ಡ್ ನುಡಿಸುವ ವಾದ್ಯವನ್ನೇ ಹೊರಗಿಟ್ಟು, ತಂಬೂರಿಯ ಶ್ರುತಿಯಲ್ಲಿ, ಲಯದ ಲೆಕ್ಕಾಚಾರದಲ್ಲಿ ಜಾಝ್ ಜೊತೆ ಕೈಕುಲುಕಿದರು. ಫ್ಯೂಷನ್ ಎಂಬ ಹೆಸರಿನಲ್ಲಿ ಇಂದು ನಡೆಯುವ ಎಷ್ಟೋ ಕಛೇರಿಗಳಲ್ಲಿ ನಾಲ್ಕು ನಿಮಿಷ ನೀನು, ನಾಲ್ಕು ನಿಮಿಷ ನಾನು, ಕೊನೆಗೊಂದು ಮುಕ್ತಾಯ, ಚಪ್ಪಾಳೆ. ‘ಜ್ಯೋತಿ’ ಅಂಥದ್ದಲ್ಲ.

ಕಾರ್ಡಿನ ತಂಟೆಯನ್ನು ಮತ್ತೆ ಮೈಮೇಲೆ ಎಳೆದುಕೊಂಡವರು ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ. ಅಮೆರಿಕದಲ್ಲಿ ಬೆಳೆದವರು, ಅವರೂ ಬರ್ಕ್ಲಿಯ ವಿದ್ಯಾರ್ಥಿ. ಅಲ್ಲಿರುವಾಗಲೇ ಅಣ್ಣ ತಮಾಷೆಗೆಂದು ಕೊಟ್ಟ ಆಲ್ಬಮ್ಮಿನಿಂದ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಪರಿಚಯವಾಯಿತು. 2008ರ ‘ಕಿನ್ಸ್‌ಮೆನ್’ನಲ್ಲಿ ಇಬ್ಬರೂ ಜೊತೆಗೆ ನುಡಿಸಿದ್ದಾರೆ, ಕನ್ಯಾಕುಮಾರಿ ಅವರ ಪಿಟೀಲು, ಮೃದಂಗ ಇವೆ, ರೆಜ್ ಅಬ್ಬಾಸಿಯ ಗಿಟಾರ್ ಕೂಡ ಇದೆ. ಕೇಳುವಾಗ ಸ್ಯಾಕ್ಸೊಫೋನ್‌ಗಳನ್ನು ಸ್ವಲ್ಪ ಹೊತ್ತು ಬಿಟ್ಟು ಆ ಗಿಟಾರಿನ ಮೇಲೆ ಕಿವಿಯಿಡಿ: ಎಲ್ಲಿ ಸುಮ್ಮನಿರುತ್ತದೆ, ಎಲ್ಲಿ ಬಾಯಿ ಹಾಕುತ್ತದೆ ಎಂದು.