ಒಂದು ಖಾತೆಗಾಗಿ ಒಡೆದ ಮಸ್ಯೂಮಿ

ಸ್ವತಂತ್ರ ಇಂಡೊನೇಷ್ಯಾದ ಮೊದಲ ದೊಡ್ಡ ಇಸ್ಲಾಮಿಕ್ ಪಕ್ಷದ ಬೇರು ಜಪಾನೀ ಸೇನಾಡಳಿತದಲ್ಲಿದೆ. ಯುದ್ಧಕ್ಕೆ ಜನಬೆಂಬಲ ಬೇಕಿದ್ದ ಆ ಆಡಳಿತ 1943ರಲ್ಲಿ ಮುಸ್ಲಿಂ ಸಂಘಟನೆಗಳನ್ನು ‘ಮಸ್ಯೂಮಿ’ ಎಂಬ ಒಕ್ಕೂಟದಡಿ ತಂದಿತು. ಜಪಾನ್ ಸೋತಿತು, ಹೆಸರು ಉಳಿಯಿತು. 1945ರ ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಣೆಯಾಯಿತು. ನವೆಂಬರ್‌ನಲ್ಲಿ ಯೋಗ್ಯಕರ್ತಾದಲ್ಲಿ ಸೇರಿದ ಮುಖಂಡರು ಅದೇ ಹೆಸರಿನಲ್ಲಿ ರಾಜಕೀಯ ಪಕ್ಷ ಕಟ್ಟಿದರು.

ಅಷ್ಟರಲ್ಲೇ ಅವರಿಗೆ ಮೊದಲ ಪೆಟ್ಟು ಬಿದ್ದಿತ್ತು. ಮುಸ್ಲಿಮರು ಷರಿಯತ್ ಪಾಲಿಸಬೇಕೆಂಬ ಏಳು ಪದಗಳು ಸಂವಿಧಾನದ ಕರಡು ಪೀಠಿಕೆಯಲ್ಲಿದ್ದವು. ಪೂರ್ವ ದ್ವೀಪಗಳ ಕ್ರೈಸ್ತರು ದೂರ ಸರಿದಾರೆಂಬ ಆತಂಕದಿಂದ, ಘೋಷಣೆಯ ಮರುದಿನವೇ ಸ್ವಾತಂತ್ರ್ಯ ಚಳವಳಿಯ ನಾಯಕ ಹಟ್ಟಾ ಮುಸ್ಲಿಂ ಮುಖಂಡರನ್ನು ಒಪ್ಪಿಸಿ ಅವನ್ನು ತೆಗೆಸಿದರು.

ಪಕ್ಷದ ಮುಖವಾಗಿದ್ದವರು ಸುಮಾತ್ರಾದ ಮೊಹಮ್ಮದ್ ನಾತ್ಸಿರ್. ವಾರ್ತಾ ಸಚಿವರಾಗಿದ್ದಾಗ ತೇಪೆ ಹಾಕಿದ ಅಂಗಿ ತೊಡುತ್ತಿದ್ದರೆಂದು ಅಮೆರಿಕನ್ ವಿದ್ವಾಂಸ ಜಾರ್ಜ್ ಕಾಹಿನ್ ದಾಖಲಿಸಿದ್ದಾರೆ. 1950ರಲ್ಲಿ ಪ್ರಧಾನಿಯಾದ ಅವರ ಸುತ್ತ ಇದ್ದವರು ಹೆಚ್ಚಾಗಿ ಆಧುನಿಕ ಶಿಕ್ಷಣ ಪಡೆದ ಸುಧಾರಕರು. ಜಾವಾದ ಹಳ್ಳಿಗಳ ಮದರಸಾಗಳ ಗುರುಗಳು ಮಾತ್ರ ಪಕ್ಷದೊಳಗೇ ಇದ್ದ ಸಂಪ್ರದಾಯವಾದಿ ಸಂಘಟನೆ ನಹ್ದತುಲ್ ಉಲಮಾದ ಹಿಂದೆ ನಿಂತಿದ್ದರು.

ಇವರನ್ನು ಒಡೆದದ್ದು ಸಿದ್ಧಾಂತಕ್ಕಿಂತ ಕುರ್ಚಿ. ಧಾರ್ಮಿಕ ವ್ಯವಹಾರ ಖಾತೆ ಹೆಸರಿಗೆ ಸಣ್ಣದು. ಆದರೆ ಮದುವೆ ನೋಂದಣಿ, ಹಜ್ ಯಾತ್ರೆ, ಧಾರ್ಮಿಕ ಶಾಲೆಗಳೆಲ್ಲ ಆಗ ಅದರ ಕೈಯಲ್ಲಿದ್ದವು. ಅಂದರೆ ಹಳ್ಳಿಹಳ್ಳಿಗೂ ನೌಕರಿ! ಉಲಮಾ ಬಣದ ವಾಹಿದ್ ಹಾಶಿಮ್ ಬಳಿ ಇದ್ದ ಆ ಖಾತೆ 1952ರಲ್ಲಿ ಸುಧಾರಕರ ಸಂಘಟನೆಯಾದ ಮುಹಮ್ಮದಿಯಾ ಬಣದವರ ಪಾಲಾಯಿತು. ಉಲಮಾಗಳು ಸಿಟ್ಟಿಗೆದ್ದು ಹೊರನಡೆದು ತಮ್ಮದೇ ಪಕ್ಷ ಮಾಡಿಕೊಂಡರು.

ಅದರ ಬೆಲೆ 1955ರ ಸಾರ್ವತ್ರಿಕ ಚುನಾವಣೆಯಲ್ಲಿ ತಿಳಿಯಿತು. ರಾಷ್ಟ್ರಾಧ್ಯಕ್ಷ ಸುಕರ್ನೊ ಬೆಂಬಲಿಗರ ರಾಷ್ಟ್ರೀಯವಾದಿ ಪಕ್ಷ ಪಿಎನ್‌ಐಗೂ ಮಸ್ಯೂಮಿಗೂ ತಲಾ 57 ಸ್ಥಾನ. ಸಂಸತ್ತಿನಲ್ಲಿ 8 ಮಂದಿಯಷ್ಟೇ ಇದ್ದ ಉಲಮಾ ಪಕ್ಷ 45ಕ್ಕೆ ನೆಗೆಯಿತು. ಮುಸ್ಲಿಂ ಬಹುಸಂಖ್ಯಾತ ದೇಶದಲ್ಲಿ ಇಸ್ಲಾಮಿಕ್ ಪಕ್ಷಗಳೆಲ್ಲ ಸೇರಿದರೂ ಅರ್ಧದಷ್ಟು ಮತ ದಾಟಲಿಲ್ಲ.

ಮುಂದಿನದು ಬೇಗ ಕುಸಿದ ಕಥೆ. 1958ರಲ್ಲಿ ಸರ್ಕಾರದ ವಿರುದ್ಧ ಎದ್ದ ಸುಮಾತ್ರಾ ಬಂಡಾಯದಲ್ಲಿ ನಾತ್ಸಿರ್ ಸೇರಿದರು. 1960ರಲ್ಲಿ ಸುಕರ್ನೊ ಮಸ್ಯೂಮಿಯನ್ನು ನಿಷೇಧಿಸಿದರು. 1973ರಲ್ಲಿ, ಸುಕರ್ನೊ ನಂತರ ರಾಷ್ಟ್ರಾಧ್ಯಕ್ಷರಾದ ಸುಹಾರ್ತೊ ಉಳಿದ ನಾಲ್ಕು ಇಸ್ಲಾಮಿಕ್ ಪಕ್ಷಗಳನ್ನು ಒಂದೇ ಪಕ್ಷವಾಗಿ ಹೊಲಿದರು. ಕಾಬಾವನ್ನೇ ಚಿಹ್ನೆ ಮಾಡಿಕೊಂಡಿದ್ದ ಆ ಪಕ್ಷ, ಸರ್ಕಾರದ ಒತ್ತಡಕ್ಕೆ ಮಣಿದು 80ರ ದಶಕದಲ್ಲಿ ನಕ್ಷತ್ರಕ್ಕೆ ಬದಲಾಯಿತು.

ಸುಹಾರ್ತೊ ಬಿದ್ದ ಮೇಲೆ, 1999ರ ಚುನಾವಣೆಯಲ್ಲಿ ಮಸ್ಯೂಮಿಯ ವಾರಸುದಾರ ತಾನೆಂದ ಪಕ್ಷಕ್ಕೆ ಶೇ 2ರಷ್ಟೂ ಮತ ದಕ್ಕಲಿಲ್ಲ. ಅದೇ ವರ್ಷ ರಾಷ್ಟ್ರಾಧ್ಯಕ್ಷರಾದ ಅಬ್ದುರ್ರಹ್ಮಾನ್ ವಾಹಿದ್, ಆ ಖಾತೆ ಕಳೆದುಕೊಂಡ ವಾಹಿದ್ ಹಾಶಿಮ್ ಅವರ ಮಗ.