ಘಟ್ಟ ಇಳಿಯುವ ಮುನ್ನ

ಬೆಂಗಳೂರಿನ ಹಳೆಯ ಬಡಾವಣೆಗಳ ಮಂದಿಗೆ ಪಶ್ಚಿಮ ಘಟ್ಟ ಗೊತ್ತಿಲ್ಲವೆಂದಲ್ಲ. ಆದರೆ ನಾವು ಅದನ್ನು ಬಲ್ಲದ್ದು ನಿದ್ದೆಯಲ್ಲಿ. ಕಲಾಸಿಪಾಳ್ಯದಲ್ಲೋ ಮೆಜೆಸ್ಟಿಕ್ಕಿನಲ್ಲೋ ರಾತ್ರಿ ಬಸ್ಸು ಹತ್ತಿ, ಕುಣಿಗಲ್ ದಾಟುವ ಹೊತ್ತಿಗೆ ಕಣ್ಣು ಮುಚ್ಚಿ, ನಡುರಾತ್ರಿ ತಿರುವಿನಲ್ಲಿ ತಲೆ ಕಿಟಕಿಗೆ ಬಡಿದಾಗ ‘ಓ, ಶಿರಾಡಿ ಬಂತು’ ಎಂದು ಮಗ್ಗುಲು ಬದಲಿಸಿ, ಬೆಳಗ್ಗೆ ಉಡುಪಿಯಲ್ಲಿ ಇಳಿದು ಮುಖ ತೊಳೆದವರು ನಾವು. ಬಸವನಗುಡಿಯಲ್ಲಿ ಐವತ್ತು ವರ್ಷ ಬದುಕಿ, ಹತ್ತು ಸಲ ಸಮುದ್ರ ನೋಡಿಬಂದು, ಒಮ್ಮೆಯೂ ಘಟ್ಟವನ್ನು ಹಗಲಿನಲ್ಲಿ ಕಾಣದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಮೋಟಾರ್ ಸೈಕಲ್ ಮೇಲೆ ಒಬ್ಬನೇ ಹೋಗುವವನಿಗೆ ಈ ನಿದ್ದೆಯ ಸೌಲಭ್ಯವಿಲ್ಲ. ಪ್ರತಿ ತಿರುವನ್ನೂ ಅವನೇ ತಿರುಗಬೇಕು. ಅಂಥ ಐದು ದಿನದ ಪ್ರಯಾಣಕ್ಕೆ ಸಿದ್ಧತೆ ಹೇಗೆ, ಯಾಕೆ ಹಾಗೆ ಎಂಬುದು ಈ ಬರಹದ ವಿಷಯ. ಇದನ್ನು ಬರೆಯುವ ಅಧಿಕಾರ ನನಗೆ ಬಂದದ್ದು ಮೊದಲ ಸಲ ಹೊರಟು ಅರ್ಧದಲ್ಲೇ ಸೋತು ಬಂದದ್ದರಿಂದ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನದು ಹಳೆಯ ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಚೆಕೊಸ್ಲೊವಾಕಿಯದ ತಂತ್ರಜ್ಞಾನ ತಂದು 1961ರಲ್ಲಿ ಅಲ್ಲಿ ಗಾಡಿ ತಯಾರಿಕೆ ಶುರುವಾಯಿತು; ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು; 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಜಾವಾ ಎಂದರೆ ದ್ವೀಪದ ಹೆಸರೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಯಾನೆಚೆಕ್ ಎಂಬ ಚೆಕ್ ಉದ್ಯಮಿ, ಜರ್ಮನಿಯ ವಾಂಡರರ್ ಕಂಪನಿಯ ಗಾಡಿಯ ಹಕ್ಕು ಕೊಂಡು ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿದ. ವಾಂಡರರ್ ಎಂದರೆ ಅಲೆಮಾರಿ ಎಂದೇ ಅರ್ಥ. ನಮ್ಮ ಅಮ್ಮನಿಗೆ ಇದನ್ನು ಹೇಳಿದಾಗ ‘ಅದಕ್ಕೇ ಅದು ನಿನ್ನ ಕೈಗೆ ಸಿಕ್ಕಿದೆ’ ಎಂದರು.

ಆ ಮೊದಲ ಸಲ ಹೊರಡುವಾಗಲೇ ತಡವಾಯಿತು. ಗಾಂಧಿಬಜಾರಿನಲ್ಲಿ ದೋಸೆ ತಿಂದು ಹೊರಟರಾಯಿತು ಎಂದು ಕೂತೆ. ಊರು ದಾಟುವಾಗ ಹತ್ತು ಗಂಟೆ. ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಮುಟ್ಟಿದಾಗ ಸಂಜೆ ಐದೂವರೆ. ಅಲ್ಲಿಯೇ ಉಳಿಯಬಹುದಿತ್ತು. ‘ಇನ್ನೇನು, ಇಳಿದರೆ ಉಜಿರೆ’ ಎಂಬ ಹುರುಪಿನಲ್ಲಿ ಚಾರ್ಮಾಡಿ ಇಳಿಯತೊಡಗಿದೆ. ಕಣ್ಣಿಗೆ ನೇರ ಸೂರ್ಯ, ಅದು ಮುಳುಗಿದ ಮೇಲೆ ಮಂಜು, ಮುಂದಿನ ದೀಪವೋ ಹಣತೆಗಿಂತ ಸ್ವಲ್ಪ ಮೇಲು. ಅರ್ಧ ಇಳಿದಿರಬೇಕು, ಇಂಜಿನ್ನು ಒಂದು ಸಲ ಕಿರುಗುಟ್ಟಿ ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸಿಬಿಟ್ಟಿತು. ಗಾಡಿ ಅಡ್ಡ ಜಾರಿ ತಡೆಗೋಡೆಯಿಂದ ಒಂದು ಮಾರು ಈಚೆ ನಿಂತಿತು. ಕೆಳಗೆ ಕಣಿವೆ. ಫೋನಿನಲ್ಲಿ ಸಿಗ್ನಲ್ ಇಲ್ಲ. ಎರಡು ಗಂಟೆ ಕತ್ತಲಲ್ಲಿ ನಿಂತಿದ್ದೆ. ತರಕಾರಿ ಇಳಿಸಿ ಬರುತ್ತಿದ್ದ ಪಿಕಪ್ ಗಾಡಿಯವನೊಬ್ಬ ಬೈಕನ್ನು ಹಿಂದೆ ಹಾಕಿಕೊಂಡು ಮೇಲಕ್ಕೆ ಕರೆತಂದ. ದುಡ್ಡು ಕೊಡಹೋದರೆ ಡೀಸೆಲ್ಲಿಗೆಷ್ಟೋ ಅಷ್ಟನ್ನೇ ತೆಗೆದುಕೊಂಡ. ಮನೆಗೆ ಫೋನು ಮಾಡಿದಾಗ ರಾತ್ರಿ ಒಂಬತ್ತೂವರೆ. ಆರು ಗಂಟೆಗೆ ಮಾಡುತ್ತೇನೆಂದು ಹೇಳಿ ಹೋಗಿದ್ದೆ. ಅಮ್ಮ ಬೈಯಲಿಲ್ಲ. ‘ಊಟ ಮಾಡು’ ಎಂದಷ್ಟೇ ಹೇಳಿ ಇಟ್ಟರು. ಬೈದಿದ್ದರೆ ವಾಸಿಯಿತ್ತು.

ಚಾಮರಾಜಪೇಟೆಯ ನನ್ನ ಮೆಕ್ಯಾನಿಕ್ಕು ಇಂಜಿನ್ ಬಿಚ್ಚುವ ಮೊದಲೇ ಕೇಳಿದ: ‘ಇಳಿಜಾರಲ್ಲಿ ಎಕ್ಸಲೇಟರ್ ಪೂರ್ತಿ ಬಿಟ್ಟಿದ್ರಾ ಸಾರ್?’ ಬಿಟ್ಟಿದ್ದೆ. ಎರಡನೇ ಗೇರಿನಲ್ಲಿಟ್ಟು, ಎಕ್ಸಲೇಟರ್ ಮುಚ್ಚಿ ಇಳಿಯುವುದೇ ಕ್ರಮವೆಂದು ತಿಳಿದಿದ್ದೆ. ಇಂದಿನ ಫೋರ್ ಸ್ಟ್ರೋಕ್ ಗಾಡಿಗಳಿಗೆ ಅದು ಸರಿಯೇ. ಅವುಗಳಲ್ಲಿ ಇಂಜಿನ್ ಆಯಿಲ್ ತಳದಲ್ಲಿ ಬೇರೆಯಾಗಿ ಇದ್ದು ಪಂಪಿನ ಮೂಲಕ ಸುತ್ತುತ್ತಿರುತ್ತದೆ. ಹಳೆಯ ಟೂ ಸ್ಟ್ರೋಕಿನಲ್ಲಿ ಹಾಗಿಲ್ಲ. ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಿ ಟ್ಯಾಂಕಿಗೆ ಹಾಕುತ್ತೇವೆ. ಪೆಟ್ರೋಲು ಒಳಗೆ ಹೋದಷ್ಟೇ ಆಯಿಲೂ ಹೋಗುತ್ತದೆ. ಇಳಿಜಾರಿನಲ್ಲಿ ಎಕ್ಸಲೇಟರ್ ಮುಚ್ಚಿದರೆ ಪೆಟ್ರೋಲು ಕಡಿಮೆ, ಆದ್ದರಿಂದ ಆಯಿಲೂ ಕಡಿಮೆ. ಆದರೆ ಚಕ್ರ ಇಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ. ಪಿಸ್ಟನ್ನು ಒಣಗಿ, ಕಾದು, ಹಿಗ್ಗಿ, ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಮದ್ದು ಸುಲಭ: ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಸ್ವಲ್ಪ ಎಕ್ಸಲೇಟರ್ ಕೊಡುವುದು, ಮತ್ತು ಘಟ್ಟದ ಮಧ್ಯೆ ಎರಡು ಕಡೆ ನಿಲ್ಲಿಸಿ ಗಾಡಿ ಆರಲು ಬಿಡುವುದು. ಹಾಗೆ ನಿಲ್ಲುವುದರಿಂದ ಬ್ರೇಕಿಗೂ ಉಪಕಾರ. ಹಳೆಯ ಡ್ರಮ್ ಬ್ರೇಕು ಕಾದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ.

ಇಲ್ಲಿ ಬೆಂಗಳೂರಿನವರ ಒಂದು ತಪ್ಪು ಕಲ್ಪನೆಯನ್ನು ಹೇಳಬೇಕು. ಬೆಟ್ಟದ ಪ್ರಯಾಣವೆಂದರೆ ಹತ್ತುವುದು ಎಂದೇ ನಾವು ಎಣಿಸುತ್ತೇವೆ. ಆದರೆ ನಾವಿರುವುದೇ ಅಟ್ಟದ ಮೇಲೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಮೂಡಿಗೆರೆಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ದಿನವಿಡೀ ಓಡಿಸಿದರೂ ನಾವು ಲೆಕ್ಕದಲ್ಲಿ ಮೇಲಕ್ಕೆ ಹೋಗಿರುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಅಟ್ಟ ಮುಗಿದು ಏಣಿ ಬರುತ್ತದೆ. ಕರಾವಳಿಯವರು ನಮ್ಮನ್ನು ‘ಘಟ್ಟದ ಮೇಲಿನವರು’ ಎನ್ನುವುದು ಭೂಗೋಳದ ಮಾತೇ ಹೊರತು ಬರಿಯ ಕುಚೋದ್ಯವಲ್ಲ. ಅವರಿಗೆ ಘಟ್ಟವೆಂದರೆ ಹೊರಡುವಾಗ ಹತ್ತುವುದು. ನಮಗೆ ಹೊರಡುವಾಗ ಇಳಿಯುವುದು, ದಣಿದು ಮರಳುವಾಗ ಹತ್ತುವುದು. ಹತ್ತುವ ಗಾಡಿಯನ್ನು ಇಂಜಿನ್ನು ಎಳೆಯುತ್ತದೆ; ಇಳಿಯುವ ಗಾಡಿಯನ್ನು ಸವಾರನ ಕೈಗಳು ಹಿಡಿಯಬೇಕು. ಇನ್ನೂರೈವತ್ತು ಕಿಲೋಮೀಟರ್ ಹಿಡಿದು ಜೋಮು ಬಂದ ಕೈಗಳಿಂದ ಸಂಜೆ ಇಳಿಯಹೊರಟದ್ದೇ ನನ್ನ ಮೊದಲ ತಪ್ಪು.

ಆದ್ದರಿಂದ ಯೋಜನೆಯ ಮೊದಲ ಸೂತ್ರ: ಮೊದಲ ದಿನ ಘಟ್ಟದ ತಲೆಯಲ್ಲೇ ಮಲಗುವುದು. ಮೂಡಿಗೆರೆಯಾಗಲಿ, ಸಕಲೇಶಪುರವಾಗಲಿ, ಶೃಂಗೇರಿಯಾಗಲಿ, ಅವರವರ ದಾರಿಯಂತೆ. ಬೆಳಗ್ಗೆ ಮಂಜು ಕರಗಿದ ಮೇಲೆ, ಅಂದರೆ ಒಂಬತ್ತರ ಸುಮಾರಿಗೆ ಇಳಿದರೆ ಸೂರ್ಯ ಬೆನ್ನಿಗಿರುತ್ತಾನೆ, ಕೈ ಹೊಸದಾಗಿರುತ್ತದೆ. ಕಿರಿದಾದ ಘಟ್ಟದ ರಸ್ತೆಯಲ್ಲಿ ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕೆಂಬುದು ಕಾನೂನು. ಲಾರಿಯವರು ಇದನ್ನು ಬಲ್ಲರು. ಕಾರಿನವರಲ್ಲಿ ಬಲ್ಲವರು ಕಡಿಮೆ. ಆಗುಂಬೆಯಂಥ ಹದಿನಾಲ್ಕು ತಿರುವಿನ ಘಾಟಿಯಲ್ಲಿ ಹತ್ತುವ ಬಸ್ಸು ತಿರುವಿನ ಅಗಲವನ್ನೆಲ್ಲ ಬಳಸಲೇಬೇಕು. ಬೈಕಿನವನು ಮೊದಲೇ ನಿಂತಿರುವುದು ವಾಸಿ.

ಎರಡನೆಯ ಮಾತು ಕಾಲದ್ದು. ನಮ್ಮ ಹಿರಿಯರು ಮಳೆಯನ್ನು ತಿಂಗಳಿನಲ್ಲಿ ಎಣಿಸಲಿಲ್ಲ, ನಕ್ಷತ್ರದಲ್ಲಿ ಎಣಿಸಿದರು. ಜೂನ್ ಕೊನೆಯ ಆರಿದ್ರಾದಿಂದ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವ ಆಗಸ್ಟ್ ಮಧ್ಯದವರೆಗೆ ಘಟ್ಟದ ಕಡೆ ಮುಖ ಮಾಡದಿರುವುದು ಲೇಸು. ಮಳೆಗಾಲದ ಘಟ್ಟದ ಸೊಬಗು ಬೇರೆಯೇ ಎನ್ನುವವರಿದ್ದಾರೆ. ಇರಬಹುದು. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ತುಂಡಾಯಿತು. ಮರುವರ್ಷ ಚಾರ್ಮಾಡಿ ಮುಚ್ಚಿತು. 2024ರ ಜುಲೈ 16ರಂದು, ಪುನರ್ವಸು ಮಳೆಯಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಜಾರಿ ಗಂಗಾವಳಿ ನದಿಯವರೆಗೂ ಹೋಯಿತು. ಅಲ್ಲಿ ಸತ್ತವರಲ್ಲಿ ರಸ್ತೆ ಬದಿಯ ಚಹಾ ಅಂಗಡಿಯ ಕುಟುಂಬವಿತ್ತು, ಲಾರಿ ನಿಲ್ಲಿಸಿದ್ದ ಚಾಲಕರಿದ್ದರು. ಒಂದು ಲಾರಿ ನದಿಯಿಂದ ಮೇಲೆ ಬಂದದ್ದು ಎರಡು ತಿಂಗಳ ಮೇಲೆ. ರಸ್ತೆ ಅಗಲಿಸಲು ಗುಡ್ಡವನ್ನು ನೆಟ್ಟಗೆ ಕಡಿದದ್ದರತ್ತ ಭೂವಿಜ್ಞಾನಿಗಳು ಬೊಟ್ಟು ಮಾಡಿದರು. ಕಡಿದ ಗುಡ್ಡ ಮಳೆಯಲ್ಲಿ ನೆನೆದರೆ ಕೆಳಗಿನ ಆಸರೆಯಿಲ್ಲದೆ ಜಾರುತ್ತದೆ. ಬೈಕಿನವನು ಮಳೆಯಿಂದ ತಪ್ಪಿಸಿಕೊಳ್ಳಲು ನಿಲ್ಲುವುದು ಸಾಮಾನ್ಯವಾಗಿ ಇಂಥ ಗುಡ್ಡದ ಮಗ್ಗುಲಲ್ಲೇ ಎಂಬುದನ್ನು ನೆನಪಿಡಬೇಕು. ಸ್ವಾತಿ, ವಿಶಾಖ ಮಳೆಯೂ ಮುಗಿದ ಮೇಲೆ, ನವೆಂಬರ್ ನಡುವಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ.

ದಿನಕ್ಕೆ ಎಷ್ಟು ದೂರ? ಬಯಲಿನಲ್ಲಿ 250 ಕಿ.ಮೀ., ಘಟ್ಟವಿದ್ದ ದಿನ 150. ಇದಕ್ಕಿಂತ ಹೆಚ್ಚು ಓಡಿಸಬಲ್ಲವರಿಗೆ ನನ್ನ ನಮಸ್ಕಾರ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿದ. ಅವನ ದಿನಚರಿ ಓದಿದರೆ ಒಂದು ದಿನದ ಪಯಣ ಎಷ್ಟು ಚಿಕ್ಕದು, ಕಂಡದ್ದು ಎಷ್ಟು ಹೆಚ್ಚು ಎಂದು ತಿಳಿಯುತ್ತದೆ. ಅವನಿಗೆ ಡೇರೆ, ಆಳುಕಾಳು ಎಲ್ಲ ಇತ್ತು. ಒಂಟಿ ಸವಾರನಿಗಿರುವುದು ಒಂದು ಚೀಲ. ಅದರಲ್ಲಿ ಬಟ್ಟೆಗಿಂತ ಮೊದಲು ಹೋಗಬೇಕಾದವು: ಕ್ಲಚ್ ಮತ್ತು ಎಕ್ಸಲೇಟರ್ ಕೇಬಲ್, ಎರಡು ಪ್ಲಗ್, ಒಂದು ಟ್ಯೂಬು, ಚೈನ್ ಲಾಕ್, ಟಾರ್ಚು. ಜೆ.ಸಿ. ರಸ್ತೆಯಲ್ಲಿ ಎರಡು ಅಂಗಡಿ ಹತ್ತಿಳಿದರೆ ಎಲ್ಲವೂ ಸಿಗುತ್ತದೆ. ಘಟ್ಟದ ಕೆಳಗೆ ಹುಡುಕಿದರೆ ಒಂದು ದಿನ ಹೋಗುತ್ತದೆ. ಟೂ ಸ್ಟ್ರೋಕಿನವರು ಆಯಿಲ್ ಬಾಟಲಿಯನ್ನೂ ಒಯ್ಯಬೇಕು. ಕಾಗದದ ನಕ್ಷೆಯೂ ಇರಲಿ. ಫೋನಿನ ನಕ್ಷೆ ಬೇಕಾದ ಜಾಗದಲ್ಲೇ ಮಾಯವಾಗುತ್ತದೆ.

ಎರಡನೆಯ ಸಲ, ಅಮ್ಮನ ಷರತ್ತಿನಂತೆ, ಪ್ರತಿ ದಿನದ ದಾರಿ, ತಂಗುವ ಊರು, ಫೋನು ಮಾಡುವ ಹೊತ್ತು ಬರೆದ ಹಾಳೆಯೊಂದನ್ನು ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ಹೊರಟೆ. ಬೆಳಗ್ಗೆ ಐದಕ್ಕೆ. ದೋಸೆ ತಿನ್ನಲಿಲ್ಲ.

ದೋಸೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಎರಡನೆಯ ದಿನ ಚಾರ್ಮಾಡಿ ಇಳಿದು, ಕಾರ್ಕಳದಲ್ಲಿ 1432ರ ಗೊಮ್ಮಟನನ್ನು ನೋಡಿ ಉಡುಪಿ ಸೇರಿದೆ. ಮೂರನೆಯ ಬೆಳಗ್ಗೆ ಬ್ರಹ್ಮಾವರ ದಾಟಿ ಕುಂದಾಪುರದತ್ತ ಹೋಗುವಾಗ ಹೆದ್ದಾರಿಯ ಮೇಲೆ ಸಾಲಿಗ್ರಾಮವೆಂಬ ಫಲಕ ಬಂತು. ಅದರ ಪಕ್ಕದಲ್ಲೇ ಪಾರಂಪಳ್ಳಿ, ಮುಂದೆ ಕಾರಂತರು ಹುಟ್ಟಿದ ಕೋಟ. 1924ರಲ್ಲಿ ಎಂ.ಟಿ.ಆರ್. ಹೋಟೆಲು ಶುರುಮಾಡಿದ ಮಯ್ಯರು ಪಾರಂಪಳ್ಳಿಯವರು. 1943ರಲ್ಲಿ ಗಾಂಧಿಬಜಾರಿನ ವಿದ್ಯಾರ್ಥಿ ಭವನ ಆರಂಭಿಸಿದವರೂ ಸಾಲಿಗ್ರಾಮದ ಕಡೆಯವರೇ. ನಮ್ಮ ಬಡಾವಣೆಯ ಬೆಳಗಿನ ತಿಂಡಿ ಬಂದ ದಾರಿಯಲ್ಲೇ ನಾನು ಹಿಮ್ಮುಖವಾಗಿ ಹೋಗುತ್ತಿದ್ದೆ. ಅವರು ಬಂದಾಗ ಈ ಹೆದ್ದಾರಿಯಿರಲಿಲ್ಲ. ಹೊಳೆ ಹೊಳೆಗೂ ಕಡವು, ದೋಣಿ ಕಾಯಬೇಕಿತ್ತು. ನನಗೆ ಸೀತಾ ನದಿ ದಾಟಲು ಹಿಡಿದದ್ದು ಅರ್ಧ ನಿಮಿಷ.

ಕರಾವಳಿಯ ರಸ್ತೆ ಸಮತಟ್ಟು, ಆದ್ದರಿಂದಲೇ ಮೋಸ. ನಾಲ್ಕು ಪಥವಾದ ಮೇಲೆ ವೇಗ ಏರಿದೆ, ಎದುರಿನಿಂದ ತಪ್ಪು ಬದಿಯಲ್ಲಿ ಬರುವವರೂ ಹೆಚ್ಚಿದ್ದಾರೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎಡಬದಿಯಿಂದ ನೂಕುತ್ತದೆ, ಸೇತುವೆಗಳ ಮೇಲೆ ಇನ್ನೂ ಜೋರು. ಕುಚ್ಚಲಕ್ಕಿ ಊಟ ಮಾಡಿದ ಮೇಲೆ ಒಂದು ಗಂಟೆ ಗಾಡಿ ಮುಟ್ಟಬಾರದು. ಸಂಜೆ ಒಂದು ಬಕೆಟ್ ಸಿಹಿನೀರು ಕೇಳಿ ಚೈನು, ರಿಮ್ಮು ತೊಳೆದು ಎಣ್ಣೆ ಬಿಡಬೇಕು. ಉಪ್ಪು ಗಾಳಿಗೆ ಹಳೆಯ ಕಬ್ಬಿಣ ಬಲು ಇಷ್ಟ. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಅಲ್ಲಿ ಎಲ್ಲರೂ ನಿಲ್ಲುತ್ತಾರೆ, ನಾನೂ ನಿಂತೆ.

ನಾಲ್ಕನೆಯ ದಿನ ಕೊಲ್ಲೂರಿನಿಂದ ನಾಗೋಡಿಯ ಘಾಟಿ ಹತ್ತಿ ತುಮರಿಯ ಕಡೆ ತಿರುಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ನಿಂತಾಗ ಈ ಭಾಗದ ಜನ ಸಾಗರದಿಂದ ಕಡಿದುಹೋದರು. ಆರು ದಶಕ ಅವರ ಆಸ್ಪತ್ರೆ, ಕಾಲೇಜು, ಸಂತೆ ಎಲ್ಲವೂ ಲಾಂಚಿನ ಮೇಲೆ ನಿಂತಿತ್ತು. ಕತ್ತಲಾದ ಮೇಲೆ ಹೆರಿಗೆ ನೋವು ಬಂದರೆ ದೇವರೇ ಗತಿ. ಹಳೆಯ ಬೈಕ್ ಸವಾರರು ತಮ್ಮ ದಿನವನ್ನೆಲ್ಲ ಕೊನೆಯ ಲಾಂಚಿನ ಹೊತ್ತಿಗೆ ಹೊಂದಿಸುತ್ತಿದ್ದರು. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯಿತು. ಉದ್ದ ಸುಮಾರು ಎರಡೂವರೆ ಕಿ.ಮೀ. ಅದರ ಮೇಲೆ ನಾಲ್ಕು ನಿಮಿಷದಲ್ಲಿ ಆಚೆ ಸೇರಿದೆ. ಲಾಂಚಿನ ಮೇಲೆ ಬೈಕು ನಿಲ್ಲಿಸಿ ನೀರು ನೋಡುವ ಸುಖ ಹೋಯಿತೆಂದು ನನ್ನಂಥ ಪ್ರವಾಸಿ ಪೇಚಾಡಬಹುದು. ಆಚೆ ದಡದ ಚಹಾ ಅಂಗಡಿಯಲ್ಲಿ ಹಾಗೆಂದು ಬಾಯಿಬಿಟ್ಟೆ. ಅಂಗಡಿಯ ಹೆಂಗಸು ‘ನಿಮಗೆ ಒಂದಿನ, ನಮಗೆ ಜೀವಮಾನ’ ಎಂದು ಲೋಟ ಮುಂದಿಟ್ಟರು.

ಆ ಸಂಜೆ ಸಾಗರದಿಂದ ಆರಕ್ಕೆ ಐದು ನಿಮಿಷವಿರುವಾಗ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ‘ಹಾಳೆಯಲ್ಲಿ ಸಾಗರ ಅಂತಲೇ ಇದೆ. ಸರಿ’ ಎಂದರು.

ಐದನೆಯ ದಿನದ್ದು ದೀರ್ಘ ದಾರಿ, ಆದರೆ ಬಯಲು: ಶಿವಮೊಗ್ಗ, ತರೀಕೆರೆ, ಅರಸೀಕೆರೆ, ತಿಪಟೂರು, ತುಮಕೂರು. ಗಾಡಿ ಎಲ್ಲೂ ಕೈಕೊಡಲಿಲ್ಲ. ಒಯ್ದ ಬಿಡಿಭಾಗಗಳಲ್ಲಿ ಬಳಸಿದ್ದು ಒಂದು ಪ್ಲಗ್ ಮಾತ್ರ. ಸಂಜೆ ಐದಕ್ಕೆ ನೆಲಮಂಗಲ ಮುಟ್ಟಿದೆ. ಅಲ್ಲಿಂದ ಬಸವನಗುಡಿಗೆ ಎರಡು ಗಂಟೆ ಹಿಡಿಯಿತು. ಹಾಳೆಯಲ್ಲಿ ಅದಕ್ಕೆ ಮುಕ್ಕಾಲು ಗಂಟೆ ಬರೆದಿದ್ದೆ.